ಪೆಟ್ಟಿಗೆಯ ಮೇಲೆ ಎರಡು ದಾರಿ

ನಾಳೆ ಊರಿಗೆ ಹೋಗುವ ವಿಮಾನಕ್ಕೆ ಹೆಚ್ಚಾದ ಸಾಮಾನನ್ನು ಹಡಗಿಗೆ ಹಾಕಲು ಗಲ್ಫಿನ ಅಲ್ ಮುರಕ್ಕಬಾತಿನ ಕಾರ್ಗೋ ಅಂಗಡಿಗೆ ಬಂದಿದ್ದೆ. ನನ್ನ ಮುಂದಿದ್ದ ಉಕ್ರೇನಿನ ನರ್ಸೊಬ್ಬಳು ಅರ್ಧ ಗಂಟೆಯಿಂದ ರಟ್ಟಿನ ಪೆಟ್ಟಿಗೆಯ ಮೇಲೆ ಚಿತ್ರ ಬರೆಯುತ್ತಿದ್ದಳು. ನನಗೆ ಸಿಟ್ಟು ಬರತೊಡಗಿತ್ತು.

ಮನೆಗೆ ನಂಬರಿಲ್ಲದ ಊರಾದರೆ ಪೆಟ್ಟಿಗೆಯ ಮೇಲೆಯೇ ದಾರಿಯ ನಕ್ಷೆ ಬರೆಸುವುದು ಅಂಗಡಿಯ ಹಮೀದರ ಪದ್ಧತಿ. ಅವರು ನಮ್ಮ ಬಂಟ್ವಾಳದವರು. ಬೇಸರದಿಂದಲೇ ಇಣುಕಿದೆ. ಡಾಂಬರು ಮುಗಿಯುವಲ್ಲೊಂದು ಅಂಗಡಿ. ಅಲ್ಲಿಂದ ಸೂರ್ಯಕಾಂತಿ ಹೊಲಗಳ ನಡುವೆ ಮಣ್ಣಿನ ದಾರಿ ನದಿಯಂಚಿಗಿಳಿದು, ನೀರಿಗೆ ಬಾಗಿದ ಮರಗಳ ಕೆಳಗೇ ಸಾಗಿ, ಅವಳ ಅಮ್ಮನ ಮನೆಯ ಗೇಟಿಗೆ ಮುಟ್ಟುತ್ತಿತ್ತು. ಪೆಟ್ಟಿಗೆಯಲ್ಲಿದ್ದದ್ದು ಅಮ್ಮನಿಗೆ ರಬ್ಬರ್ ಬೂಟು. ಹೋದ ವರ್ಷ ಇದೇ ದಾರಿ ಬರೆದು ಕಳಿಸಿದ್ದ ಪೆಟ್ಟಿಗೆ ಮನೆ ಮುಟ್ಟದೆ ವಾಪಸು ಬಂದಿತ್ತಂತೆ.

"ಹೋದ ಸಲದ್ದು ಯಾವ ತಿಂಗಳಲ್ಲಿ ನಿಮ್ಮ ಊರಿಗೆ ಹೋಗಿ ಮುಟ್ಟಿತ್ತು?" ಹಮೀದ್ ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿದರು.

"ಏಪ್ರಿಲ್."

"ಆಗ ಹೊಳೆ?"

"ಹಿಮ ಕರಗಿ ನೀರು ದಾರಿಯ ಮೇಲೇ..." ಎನ್ನುತ್ತಾ ತನ್ನ ನಕ್ಷೆ ನೋಡಿದಳು.

ಹಮೀದ್ ನನ್ನತ್ತ ತಿರುಗಿದರು. "ನಮ್ಮದೂ ನೇತ್ರಾವತಿ ಬದಿಯೇ ಅಲ್ವಾ ಮಾರಾಯ್ರೆ. ಇಲ್ಲಿ ಕೂತು ಬರೆಯುವಾಗ ಎಲ್ಲರಿಗೂ ಬೇಸಿಗೆಯ ದಾರಿಯೇ ನೆನಪಾಗುವುದು." ಆಮೇಲೆ ಅವಳಿಗೆ, "ಯಲ್ಲಾ, ನಡೀರಿ ಸಿಸ್ಟರ್, ಇದೂ ಏಪ್ರಿಲಿಗೇ ಮುಟ್ಟುವುದು. ನೆರೆ ಬಂದಾಗಿನ ದಾರಿ ಬರೆಯಿರಿ."

ಅವಳು ಹೊಲದ ಹಿಂದಿನ ದಿಬ್ಬದ ಮೇಲಿಂದ ಇನ್ನೊಂದು ಗೆರೆ ಎಳೆದಳು. ಗೆರೆ ಮನೆಯವರೆಗೆ ಹೋಗಲಿಲ್ಲ. ಅದು ನಿಂತ ಕಡೆ ಪುಟ್ಟದೊಂದು ಹೆಂಗಸಿನ ಚಿತ್ರ ಬರೆದು, "ಗಾಡಿ ಇಲ್ಲಿವರೆಗೆ. ಅಮ್ಮ ನೀರಿನಲ್ಲಿ ನಡೆದು ಬರ್ತಾಳೆ" ಎಂದಳು.

ಪೆನ್ನು ಹಿಂದಿರುಗಿಸುವ ಮೊದಲು ಮತ್ತೆ ಬಗ್ಗಿ, ಆ ಚಿತ್ರದ ಕಾಲಿಗೆ ಬೂಟು ತೊಡಿಸಿದಳು.