ಖಡಿ ರಸ್ತೆ ಮತ್ತು ಕೆಂಭಾವಿಯ ಎತ್ತುಗಳು

ನಾನು ಶಾಲೆ ಬಿಟ್ಟದ್ದು ೧೯೫೬ರಲ್ಲಿ. ಏಳನೆಯ ಇಯತ್ತೆ. ಮೊದಲು ಉರ್ದುವಿನಲ್ಲಿ ಕಲಿತ ಲೆಕ್ಕವನ್ನೇ ಆಗ ಕನ್ನಡದಲ್ಲಿ ಮತ್ತೊಮ್ಮೆ ಕಲಿಯುತ್ತಿದ್ದೆವು. ನಾನೇನೂ ದಡ್ಡನಾಗಿರಲಿಲ್ಲ. ನನ್ನನ್ನು ಶಾಲೆ ಬಿಡಿಸಿದ್ದು ರಸ್ತೆ.

ನಮ್ಮದು ಎತ್ತುಗಳ ಗೊರಸಿಗೆ ನಾಲು, ಅಂದರೆ ಕಬ್ಬಿಣದ ಲಾಳ, ಬಡಿಯುವ ಮನೆತನ. ಶಹಾಪುರದ ಹೊರಗೆ, ಬಂಡಿಗಳು ತಂಗುವ ಬೇವಿನ ಮರದ ಹತ್ತಿರ ನಮ್ಮ ಗುಡಿಸಲಿತ್ತು. ಕೆಂಭಾವಿ, ಸುರಪುರದ ಕಡೆಯ ಹತ್ತಿ, ಶೇಂಗಾ ನಮ್ಮ ಮುಂದೆ ಹಾದೇ ಯಾದಗಿರಿ ಸ್ಟೇಷನ್ನಿಗೆ ಹೋಗುತ್ತಿದ್ದವು. ಆದರೆ ದಾರಿ ಎರೆಮಣ್ಣಿನದು. ಎರೆಯಲ್ಲಿ ಗೊರಸು ಸವೆಯುವುದಿಲ್ಲ, ಅಲ್ಲಿ ನಡೆಯುವ ಎತ್ತಿಗೆ ಕಬ್ಬಿಣ ಬೇಕಾಗುವುದಿಲ್ಲ. ವಾರಕ್ಕೆ ಒಂದೆರಡು ಜೋಡಿ ಸಿಕ್ಕರೆ ಅಪ್ಪನಿಗೆ ಹಬ್ಬ. ಉಳಿದ ದಿನ ಗೌಡರ ಹೊಲದಲ್ಲಿ ಕೂಲಿ.

ರಾಜ್ಯ ಒಂದಾಗುವ ಆ ವರ್ಷವೇ ನಮ್ಮ ದಾರಿಗೆ ಖಡಿ, ಅಂದರೆ ಒಡೆದ ಜಲ್ಲಿಕಲ್ಲು, ಬಿತ್ತು. ಬೆಟ್ಟದ ಕಲ್ಲು ಒಡೆಯುವವರು ಹೆಂಡಿರು ಮಕ್ಕಳ ಸಮೇತ ಬಂದು ಡೇರೆ ಹಾಕಿದರು. ಎರಡು ಬೇಸಗೆ ಅವರ ಸುತ್ತಿಗೆಯ ಸಪ್ಪಳ ನಿಲ್ಲಲಿಲ್ಲ. ಅವರು ಮುಂದಕ್ಕೆ ಹೋದ ಹಾಗೆ ಹಿಂದಿನಿಂದ ಎತ್ತುಗಳು ಕುಂಟುತ್ತ ಬಂದವು. ಖಡಿಯ ಅಲಗಿಗೆ ಗೊರಸು ನಿಲ್ಲುವುದೇ? ಮೊದಲ ವರ್ಷವೇ ಒಂದು ಬೆಳಗ್ಗೆ ಮರದ ಕೆಳಗೆ ಏಳೆಂಟು ಬಂಡಿ ಸಾಲಾಗಿ ನಿಂತಿದ್ದವು. ಅಪ್ಪ ನನ್ನ ಕೈಯಿಂದ ಪಾಟಿಚೀಲ ಇಸಿದುಕೊಂಡ.

"ಸಾಲಿ ಎಲ್ಲೂ ಓಡಿ ಹೋಗೂದಿಲ್ಲ. ಈ ಎತ್ತು ಇವತ್ತ ಕುಂಟಾಕತ್ತ್ಯಾವ. ಹಗ್ಗ ಹಿಡಿ."

ಹಿಡಿದೆ. ಬಿಡಲಿಲ್ಲ.

ಎತ್ತಿಗೆ ಹಗ್ಗ ಸುತ್ತಿ ಎಳೆದು ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಬೇಕು. ಸೀಳು ಗೊರಸಿಗೆ ಎರಡೆರಡು ನಾಲು. ಎತ್ತಿಗೆ ಎಂಟು, ಜೋಡಿಗೆ ಹದಿನಾರು. ಮೊಳೆ ಹೊಡೆಯುವುದು ಅಪ್ಪ, ತಲೆ ಹಿಡಿಯುವುದು ನಾನು. ಎತ್ತಿನ ಕಣ್ಣಿಗೆ ನನ್ನ ರುಮಾಲು ಮುಚ್ಚಿ, ಅದರ ಕುತ್ತಿಗೆಯ ಮೇಲೆ ಮೈಭಾರ ಹಾಕಿ, ಕಿವಿಯಲ್ಲಿ ಏನಾದರೂ ಮಾತಾಡುತ್ತಿದ್ದೆ. ಅದರ ಉಸಿರು ಮೊಣಕಾಲಿಗೆ ಬಿಸಿಯಾಗಿ ತಾಗುತ್ತಿತ್ತು. ಆ ಬಿಸಿ ಇವತ್ತಿಗೂ ಒಮ್ಮೊಮ್ಮೆ ಮೊಣಕಾಲಿಗೆ ನೆನಪಾಗುತ್ತದೆ.

ಕೆಂಭಾವಿಯ ಬಂಡಿಯವನೊಬ್ಬನಿದ್ದ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ, ಅವನು ಅಪ್ಪನನ್ನು ಅಣ್ಣಾ ಎನ್ನುತ್ತಿದ್ದ. ಅಡತಿ ಸಾಹುಕಾರರ ಶೇಂಗಾ ಹೇರಿಕೊಂಡು ಬರುತ್ತಿದ್ದ. ಅವನ ಜೋಡಿ ಎಂಥದೆಂದರೆ, ದಾರಿಯಲ್ಲಿ ಬರುವಾಗ ನಾಲಿನ ಟಕ್ ಟಕ್ ಕೇಳಿಯೇ ಅವ್ವ ತವೆ ಇಡುತ್ತಿದ್ದಳು.

"ಏನೋ ಸಾಲಿ ಬಿಟ್ಟ ಸರದಾರ, ನನ್ನ ಎತ್ತಿನ ಕಿವ್ಯಾಗ ಏನ ಓದಾಕತ್ತಿ?" ಎಂದು ಕೆಣಕುತ್ತಿದ್ದ.

"ಮಗ್ಗಿ ಹೇಳಾಕತ್ತೀನಿ ಕಾಕಾ. ನಿನಗಿಂತ ಜಲ್ದಿ ಕಲೀತದ."

ಅವನು ನಕ್ಕರೆ ಮರದ ಮೇಲಿನ ಕಾಗೆಗಳು ಹಾರುತ್ತಿದ್ದವು. ಅವ್ವನ ಬಿಸಿ ರೊಟ್ಟಿ, ಪುಂಡಿಪಲ್ಯ, ಬಂಡಿಗಳ ಸುತ್ತ ಮೇವಿನ ವಾಸನೆ. ಅಷ್ಟು ಮಂದಿ ನಮ್ಮ ಅಂಗಳದಲ್ಲಿ ಮತ್ತೆಂದೂ ಕೂಡಲಿಲ್ಲ.

ಅಪ್ಪ ಗುಡಿಸಲಿಗೆ ತಗಡು ಹಾಕಿಸಿದ. ಗೌಡರ ಹೊಲಕ್ಕೆ ಹೋಗುವುದನ್ನು ಬಿಟ್ಟ. ಗೋಣಿಚೀಲದ ತುಂಬ ನಾಲು ಮಾಡಿಸಿ ತಂದು ಮೂಲೆಯಲ್ಲಿಟ್ಟ. "ರಸ್ತಾ ಇರೂತನಕ ಎತ್ತು ಇರ್ತಾವ" ಎಂದ. ಆ ರಸ್ತೆ ಎತ್ತುಗಳಿಗಾಗಿಯೇ ಹಾಕಿದ್ದೆಂದು ಅವನು ತಿಳಿದಿದ್ದ. ನಾನೂ ಹಾಗೇ ತಿಳಿದಿದ್ದೆ.

ಮೊದಲ ಲಾರಿ ಬಂದಾಗ ಕಾಕಾ ಮರದ ಕೆಳಗೇ ಇದ್ದ. ಧೂಳು ಒರೆಸಿಕೊಳ್ಳುತ್ತ ಕೇಳಿದ, "ಅದು ಮೇವು ತಿಂತದೇನು?"

"ಇಲ್ಲ."

"ಸಗಣಿ ಹಾಕ್ತದೇನು?"

"ಇಲ್ಲ ಕಾಕಾ."

"ಹಂಗಾರ ಒಕ್ಕಲಗಿತ್ತಿಗೆ ಏನ ಕೊಡ್ತದ ಅದು?"

ಎಲ್ಲರೂ ನಕ್ಕೆವು. ಆದರೆ ಆತ ಎರಡು ದಿನ ನಡೆಸಿ ಮುಟ್ಟಿಸುವ ಮಾಲನ್ನು ಲಾರಿ ಮಧ್ಯಾಹ್ನದೊಳಗೆ ಸ್ಟೇಷನ್ನಿಗೆ ಒಯ್ದು ಹಾಕುತ್ತಿತ್ತು. ಸಾಹುಕಾರರು ಒಂದು ಸುಗ್ಗಿ ನೋಡಿದರು, ಎರಡು ಸುಗ್ಗಿ ನೋಡಿದರು. ಮೂರನೆಯದಕ್ಕೆ ಸುರಪುರದ ಬಂಡಿಗಳು ನಿಂತವು. ಅಪ್ಪ ಮರದ ಕೆಳಗೆ ಕೂತು ಕಿವಿಗೊಟ್ಟು ಕೇಳುತ್ತಿದ್ದ. "ಕೆಂಭಾವಿಯವ ಬರ್ತಾನ. ಅವ ಬಂದ್ರ ಅವನ ಹಿಂದ ಉಳದವ್ರೂ ಬರ್ತಾರ" ಎನ್ನುತ್ತಿದ್ದ. ಅವ್ವ ಲಾರಿಯವರಿಗೆ ಚಹಾ ಮಾಡಲು ಕಿಟ್ಲಿ ತಂದಿದ್ದಳು. "ಖಾಲಿ ಕುಂತು ಏನ ಮಾಡ್ತೀರಿ, ಲಾರಿಗೇ ನಾಲು ಬಡೀರಿ" ಎಂದಳೊಮ್ಮೆ. ಅಪ್ಪ ಆ ದಿನ ಚಹಾ ಕುಡಿಯಲಿಲ್ಲ.

ಕಾಕಾ ಬಂದ. ದೂರದಿಂದಲೇ ಟಕ್ ಟಕ್ ಕೇಳಿಸಿತು. ಅಪ್ಪ ದಡಬಡಿಸಿ ಎದ್ದು ಚೀಲದಿಂದ ಹೊಸ ನಾಲು ಆರಿಸಿ ಸಾಲಾಗಿ ಇಟ್ಟ. ಬಂಡಿ ಹತ್ತಿರ ಬಂದಾಗ ನೋಡಿದೆ. ಖಾಲಿ ಇತ್ತು. ಹೇರು ಇರಲಿಲ್ಲ.

ಕಾಕಾ ಇಳಿದು, ನೆಲದ ಮೇಲಿನ ನಾಲು ನೋಡಿ ನಿಂತ. "ಹಾಕೂದಲ್ಲ ಅಣ್ಣಾ. ಕೀಳೂದು."

ಅಪ್ಪ ಬಾಗಿ ಎತ್ತಿನ ಗೊರಸು ನೋಡಿದ.

"ಇನ್ನ ಇವು ಹೊಲದಾಗಷ್ಟೇ ನಡೀತಾವ. ಎರ್ಯಾಗ ಕಬ್ಬಿಣ ಯಾಕ ಬೇಕು, ನೀನೇ ಹೇಳ್ತಿದ್ದೆಲ್ಲ."

"ಹೇಳ್ತಿದ್ದೆ ಖರೆ."

ಅವ್ವ ಬಾಗಿಲಲ್ಲಿ ನಿಂತು ಕೇಳಿದಳು, "ಇಷ್ಟಕ್ಕ ಅಷ್ಟು ದೂರದಿಂದ ಬಂದಿ? ನಿಮ್ಮ ಊರಾಗ ಯಾರ ಮನ್ಯಾಗೂ ಇಕ್ಕಳ ಇರಲಿಲ್ಲೇನು?"

"ಇತ್ತು ವೈನಿ. ಬಡದ ಕೈನೇ ಕೀಳಲಿ ಅಂತ ಬಂದೆ."

ಎತ್ತುಗಳನ್ನು ಕೆಡವಿದೆವು. ನಾನು ತಲೆ ಹಿಡಿದೆ. ಕಿವಿಯಲ್ಲಿ ಹೇಳಲು ನನಗೆ ಏನೂ ಹೊಳೆಯಲಿಲ್ಲ. ಅಪ್ಪ ಒಂದೊಂದೇ ಮೊಳೆಯನ್ನು ನೋವಾಗದ ಹಾಗೆ ಎತ್ತಿ, ಗೊರಸಿನ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಬಡಿಯುವಾಗಲೂ ಅವನು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಕಾಕಾ ದುಡ್ಡು ತೆಗೆದಾಗ ಅಪ್ಪ ಕೈ ಹಿಂದೆ ಕಟ್ಟಿಕೊಂಡ. "ಬಡದದ್ದಕ್ಕ ತಗೊಂಡೀನಿ. ಕಿತ್ತಿದ್ದಕ್ಕ ಹ್ಯಾಂಗ ತಗೊಳ್ಳಲಿ?"

"ಹಂಗಾರ ನಾಲಾದ್ರೂ ಇಟ್ಗೋ."

ರೊಟ್ಟಿ ತಿಂದು ಹೊರಟ. ಎತ್ತುಗಳು ಖಡಿ ಬಿಟ್ಟು ಬದಿಯ ಮಣ್ಣಿನ ಮೇಲೆ ನಡೆದವು. ಗಾಲಿಯ ಸದ್ದು ಮಾತ್ರ ಇತ್ತು. ಅದೂ ಸಣ್ಣದಾಗುತ್ತ ಹೋಯಿತು. ಅಪ್ಪ ಬಹಳ ಹೊತ್ತು ಆ ಕಡೆಗೇ ಕಿವಿಗೊಟ್ಟು ನಿಂತಿದ್ದ. ಕಾಕಾ ಮತ್ತೆ ನಮ್ಮ ಕಡೆ ಬರಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿದ್ದದ್ದೇ. ರಸ್ತೆಗೆ ಡಾಂಬರು ಬಂತು. ಬದಿಯಲ್ಲಿ ಹೊಲವಿದ್ದ ಗೌಡರು ಅಂಗಡಿಗಳನ್ನು ಕಟ್ಟಿಸಿದರು. ಸಾಹುಕಾರರು ಮೊದಲು ಲಾರಿ ಬಾಡಿಗೆ ಹಿಡಿದರು, ಆಮೇಲೆ ಲಾರಿಯನ್ನೇ ಕೊಂಡರು. ಕಲ್ಲು ಒಡೆದವರು ಎಲ್ಲಿಗೆ ಹೋದರೋ, ಅವರು ಮಾಡಿದ ರಸ್ತೆಯ ಮೇಲೆ ಅವರನ್ನು ಮಾತ್ರ ನಾನು ಮತ್ತೆ ಕಾಣಲಿಲ್ಲ. ನಮ್ಮನ್ನು ಅವ್ವನ ಕಿಟ್ಲಿ ಸಾಕಿತು. ನಾನು ಯಾದಗಿರಿಯಲ್ಲಿ ಟೈರಿನ ಕೆಲಸ ಕಲಿತು ಬಂದು ಅದೇ ಮರದ ಕೆಳಗೆ ಕೂತೆ. ಯಾರ ಮುಂದೆಯೂ ಕೈ ಒಡ್ಡಲಿಲ್ಲ. ರಸ್ತೆ ಕಿತ್ತುಕೊಂಡ ಅನ್ನವನ್ನು ರಸ್ತೆಯಿಂದಲೇ ತಿರುಗಿ ತೆಗೆದುಕೊಂಡೆ.

ಒಮ್ಮೆ ನಾನು ಲಾರಿಯ ಗಾಲಿಯೊಂದನ್ನು ಕೆಡವಿ, ಮೇಲೆ ಮೊಣಕಾಲೂರಿ ಟೈರು ಬಿಚ್ಚುತ್ತಿದ್ದೆ. ಅಪ್ಪ ಬಂದು ನೋಡಿದ.

"ಕೆಡವೂದು ಮರ್ತಿಲ್ಲ ನೀ," ಎಂದ. ಟೈರಿನ ಮೇಲೆ ಕೈಯಾಡಿಸಿ, "ಅದಕ್ಕ ಉಸಿರಿಲ್ಲ, ಅಷ್ಟ" ಎಂದು ಒಳಗೆ ಹೋದ.

ಈಗಲೂ ನಸುಕಿನಲ್ಲಿ ಅಂಗಡಿಯ ಕದ ತೆಗೆಯುವಾಗ ಸುರಪುರದ ಕಡೆಗೆ ಒಮ್ಮೆ ಕಿವಿ ಹೋಗುತ್ತದೆ.

ಈಗ ನನ್ನಲ್ಲಿ ಇರುವುದು ಇಷ್ಟು. ರಸ್ತೆಗೆ ಮುಖ ಮಾಡಿದ ಅಂಗಡಿ ಒಂದು. ಗಾಳಿ ತುಂಬುವ ಮಷೀನು ಒಂದು. ಕಲ್ಲಿನ ಮನೆ ಒಂದು. ಎರೆಹೊಲ ಮೂರು ಎಕರೆ. ಅಪ್ಪನ ಸುತ್ತಿಗೆ ಒಂದು, ಇಕ್ಕಳ ಒಂದು. ಕೆಂಭಾವಿಯ ಎತ್ತುಗಳ ನಾಲು ಹದಿನೈದು. ಹದಿನಾರನೆಯದು ಕಾಕಾ ಬರುವಾಗಲೇ ಖಡಿಯ ಮೇಲೆ ಎಲ್ಲೋ ಕಳಚಿ ಬಿದ್ದಿತ್ತು.