ಬಿಸಿಲಪ್ಪನ ನಡುಗಿದ ಸೂರ್ಯ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಇವನಿಗೆ ಬೀದಿಯವರು ಇಟ್ಟ ಹೆಸರು ಬಿಸಿಲಪ್ಪ. ಲೋಕವೆಲ್ಲ ನೆರಳು ಹುಡುಕಿದರೆ ಈ ಮಹಾನುಭಾವ ಬಿಸಿಲು ಹುಡುಕಿಕೊಂಡು ತಾರಸಿ ಹತ್ತುತ್ತಿದ್ದ. ರಜೆಯ ದಿನ ಬೆಳಿಗ್ಗೆ ಎಂಟಕ್ಕೆ, ಕಾಂಕ್ರೀಟು ಕಾದು ಗಾಳಿ ಕದಡುವ ಮೊದಲೇ, ದೂರದರ್ಶಕದ ಮೂತಿಗೆ ಫಿಲ್ಟರು ಕಟ್ಟಿ, ಹಿಂದೆ ಕ್ಯಾಮೆರಾ ಸಿಕ್ಕಿಸಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಸೂರ್ಯನ ವಿಡಿಯೊ ತೆಗೆಯುತ್ತಿದ್ದ. ಮೂರು ನಿಮಿಷಕ್ಕೆ ಸಾವಿರಾರು ಚಿತ್ರ. ಆಮೇಲೆ ಕಂಪ್ಯೂಟರು ನಿಚ್ಚಳವಾದವನ್ನು ಆರಿಸಿ, ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡುತ್ತಿತ್ತು. ಅಲುಗಿದವು ಕಸಕ್ಕೆ.

ಈ ಅಲುಗಾಟವೇ ಅವನ ಶತ್ರು. ತಾರಸಿಗೆ ಇದ್ದದ್ದು ಕಬ್ಬಿಣದ ಮೆಟ್ಟಿಲು. ಯಾರಾದರೂ ಕಾಲಿಟ್ಟರೆ ಸಾಕು, ಸೂರ್ಯ ಗಡಗಡ ನಡುಗುತ್ತಿದ್ದ. ಒಮ್ಮೆ ಹೆಂಡತಿ ಬಟ್ಟೆ ಒಣಹಾಕಲು ಬಂದಾಗ ಇವನು ಹಾರಾಡಿದ್ದು ಅಕ್ಕಪಕ್ಕದ ಮೂರು ಮನೆಗೆ ಕೇಳಿಸಿತ್ತು.

"ಮನೆಗೆ ಬೆಂಕಿ ಬಿದ್ರೂ ಸರಿ, ನಾನು ಇಳಿದು ಬರೋತನಕ ಮೆಟ್ಟಿಲು ಮುಟ್ಬೇಡ!"

"ಆಯ್ತು ಬಿಡಿ, ನೀವೂ ನಿಮ್ಮ ಸೂರ್ಯನೂ ಸುಖವಾಗಿರಿ," ಎಂದು ಅವಳು ನಕ್ಕಳು. ಅಂದಿನಿಂದ ರಜೆಯ ದಿನ ಹತ್ತು ಗಂಟೆಯ ತನಕ ಮೇಲೆ ಬರುತ್ತಿರಲಿಲ್ಲ. ಆಡಿದ ಮಾತಿಗೆ ಕಟ್ಟುಬೀಳುವ ಹೆಂಗಸು. ಇವನಿಗೋ ಅದು ದೊಡ್ಡ ಗೆಲುವಿನಂತೆ ಕಂಡಿತು. ದಡ್ಡ.

ಆ ದಿನ ಎಲೆಯೂ ಅಲ್ಲಾಡುತ್ತಿರಲಿಲ್ಲ. ಸೂರ್ಯನ ಮೇಲೆ ಕಲೆಗಳ ದೊಡ್ಡ ಗುಂಪೇ ಇತ್ತು. ಇನ್ನೊಂದು, ಇನ್ನೊಂದೇ ಒಂದು ಎಂದು ಒಂದೂವರೆ ಗಂಟೆ ಕಳೆದ. ಇಳಿದು ಬಂದಾಗ ಹೆಂಡತಿ ಅಡುಗೆಮನೆಯ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಬಾಯಿ ಸೊಟ್ಟಗಾಗಿತ್ತು. ಲಕ್ವ ಹೊಡೆದಿತ್ತು. "ಒಂದು ಗಂಟೆ ಮೊದಲೇ ಕರ್ಕೊಂಡು ಬಂದಿದ್ರೆ..." ಎಂದು ಡಾಕ್ಟರು ಮಾತು ಅಲ್ಲಿಗೇ ಬಿಟ್ಟರು.

"ಇದ್ದಕ್ಕಿದ್ದಂಗೆ ಕುಸಿದುಬಿಟ್ಟಿದ್ದಾಳೆ, ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ನೋಡಲು ಬಂದವರಿಗೆಲ್ಲ ಐದು ತಿಂಗಳು ಹೇಳಿದ. ತನಗೂ ಹೇಳಿಕೊಂಡ. ಕೊನೆಗೊಂದು ಮಧ್ಯಾಹ್ನ, ಸುಮ್ಮನೆ ಕೂರಲಾರದೆ, ಆ ದಿನದ ವಿಡಿಯೊಗಳನ್ನು ಕಂಪ್ಯೂಟರಿಗೆ ಕೊಟ್ಟ. ಎಂಟೂ ಇಪ್ಪತ್ತರ ವಿಡಿಯೊದಲ್ಲಿ ಕಸಕ್ಕೆ ಬಿದ್ದ ಚಿತ್ರಗಳೆಲ್ಲ ಒಂದರ ಹಿಂದೊಂದು ಬಂದ ಒಂದೇ ಭಾಗದವು. ಬೀದಿಯಲ್ಲಿ ಯಾವುದೋ ಲಾರಿ ಹೋಯಿತೆಂದು ಆಗ ಬೈದುಕೊಂಡಿದ್ದು ನೆನಪಾಯಿತು. ಆ ಭಾಗವನ್ನು ಓಡಿಸಿ ನೋಡಿದ. ಸೂರ್ಯ ನಾಲ್ಕು ಸಲ ನಡುಗಿದ. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ನಾಲ್ಕು ಸಲ, ಈ ಬಾರಿ ತುಂಬ ನಿಧಾನವಾಗಿ.

ಲಾರಿ ಹಾಗೆ ಹೋಗುವುದಿಲ್ಲ. ಎದ್ದು ಹೋಗಿ ಹೆಂಡತಿಯ ಮಂಚದ ಮೇಲೆ ಕೂತ.

"ಅವತ್ತು ಮೆಟ್ಟಿಲು ಹತ್ತಿದ್ಯಾ?"

ಅವಳು ಈಗ ಒಂದೊಂದೇ ಮಾತನ್ನು ಕೂಡಿಸಿಕೊಂಡು ಆಡಬೇಕು. "ಹತ್ತಿದ್ದೆ. ಕೈ... ಜೋಮು ಹಿಡೀತು. ಆಮೇಲೆ... ನಿಮ್ದು ಕೆಡುತ್ತಲ್ಲಾಂತ... ಇಳಿದೆ."

ಸ್ವಾಧೀನವಿಲ್ಲದ ಆ ಕೈಯನ್ನು ಮುಖಕ್ಕೊತ್ತಿಕೊಂಡು ಬಿಸಿಲಪ್ಪ ಗೊಳೋ ಎಂದು ಅತ್ತ. ಅವಳು ಇನ್ನೊಂದು ಕೈಯಿಂದ ಅವನ ತಲೆ ಸವರಿದಳು.

"ಅಳ್ಬೇಡಿ," ಅಂದಳು. "ಚಿತ್ರ... ಚೆನ್ನಾಗಿ ಬಂತಾ?"