ಮೇಘನಾ ಕೆಲಸಕ್ಕೆ ಸೇರಿದ ಮುಹೂರ್ತ

ಮಾನ್ಯ ಓದುಗರೇ,

ನನ್ನ ಅಕ್ಷರ ಸೊಟ್ಟ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಇಂದಿಗೂ ಅನುಮಾನ. ಕಚೇರಿಯ ಟಿಪ್ಪಣಿಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ನನ್ನನ್ನು ತಾವು ಮೊದಲಿಗೇ ಮನ್ನಿಸಬೇಕಾಗಿ ಪ್ರಾರ್ಥನೆ.

ಇಂದು ಬೆಳಿಗ್ಗೆ ದೇವರ ಮುಂದೆ ಹಚ್ಚಿದ ಗಂಧದಕಡ್ಡಿಯ ಪರಿಮಳವೇ ಈ ಬರಹಕ್ಕೆ ಕಾರಣವೆಂದು ಸವಿನಯವಾಗಿ ನಿವೇದಿಸುತ್ತೇನೆ. ಆ ಪೊಟ್ಟಣ ಕಟ್ಟಿದವಳು ನನ್ನ ತಂಗಿ ಶಾರದೆಯ ಮಗಳು, ನಮ್ಮ ಮನೆಯಲ್ಲೇ ಬೆಳೆದ ಮೇಘನಾ. ಹದಿನೆಂಟು ತುಂಬಿದೆ. ಆಟಿಸಂ ಇದೆ. ಗದ್ದಲ ತಡೆಯಲಾರಳು, ಕುಕ್ಕರ್ ಕೂಗಿದರೂ ಕಿವಿ ಮುಚ್ಚಿ ಮಹಡಿ ಹತ್ತುತ್ತಾಳೆ. ಕಳೆದ ವರ್ಷ ಒಂದು ಬಟ್ಟೆ ಅಂಗಡಿಯವರೂ ಒಂದು ಬೇಕರಿಯವರೂ ಅವಳನ್ನು ನಯವಾಗಿ ಹಿಂದಕ್ಕೆ ಕಳುಹಿಸಿದ್ದರು. “ಇನ್ನೊಂದ್ಸಲ ಬೇಡ ಅನ್ನಿಸ್ಕೊಂಡ್ರೆ ನಾನೆಲ್ಲೂ ಕೇಳಕ್ಕೆ ಹೋಗಲ್ಲ ಮಾವ,” ಎಂದಿದ್ದಳು. ಹೇಳಿದ್ದನ್ನು ಮಾಡುವ ಹುಡುಗಿ. ನನಗೆ ಭಯವಾಯಿತು.

ಬನ್ನಿಮಂಟಪದಲ್ಲಿ ಗಂಧದಕಡ್ಡಿಯ ಪೊಟ್ಟಣ ಕಟ್ಟಿಸುವ ನಾಗರತ್ನಮ್ಮನವರಲ್ಲಿಗೆ ನಾನೇ ಅವಳನ್ನು ಕರೆದೊಯ್ದೆ. ಅವರು ಕೇಳಿದ್ದಕ್ಕೆಲ್ಲ ನಾನೇ ಉತ್ತರಿಸುತ್ತಿದ್ದೆ.

“ಏನ್ ಸ್ವಾಮಿ, ಕೆಲಸ ನಿಮಗೋ ಹುಡುಗೀಗೋ? ಸ್ವಲ್ಪ ಆಚೆ ಕೂತ್ಕೊಳ್ಳಿ,” ಎಂದರು.

ಹೊರಗೆ ಕುಳಿತೆ. ಒಳಗಿನಿಂದ ಇಬ್ಬರ ನಗು ಕೇಳಿಸಿತು. ಸಂದರ್ಶನಕ್ಕೆಂದು ನಾನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದನ್ನು ಮೇಘನಾ ವರದಿ ಮಾಡಿದ್ದಳೆಂದು ಆಮೇಲೆ ತಿಳಿಯಿತು. ಕೆಲಸವಂತೂ ಮಂಜೂರಾಯಿತು.

“ಯಾವತ್ತಿಂದ ಬರ್ತೀಯಮ್ಮ?” ಎಂದು ನಾಗರತ್ನಮ್ಮ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ, “ವಿಜಯದಶಮಿ!” ಎಂದೆ ನಾನು.

“ಪೂಜೆಗೆ ಬಾಗಿಲೇನೋ ತೆಗೆದಿರ್ತೀನಿ. ಆದ್ರೆ ಅವತ್ತು ಜನ ಜಾಸ್ತಿ ಕಣ್ರೀ...”

ನಾನು ಕೇಳಿಸಿಕೊಳ್ಳಲಿಲ್ಲ. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಪಂಚಾಂಗ ನೋಡದೆ ಹೊಸ ಪೊರಕೆಯನ್ನೂ ಮುಟ್ಟುವುದಿಲ್ಲ. ದಸರೆಯ ಪಂಜಿನ ಕವಾಯತಿನ ದಿನ ಬನ್ನಿಮಂಟಪ ಹೇಗೆ ಗಿಜಿಗುಡುತ್ತದೆಂಬುದು ಮೈಸೂರಿನಲ್ಲೇ ಹುಟ್ಟಿದವನಿಗೆ ಹೊಳೆಯಲಿಲ್ಲವೆಂದರೆ ತಾವು ನಂಬುವುದು ಕಷ್ಟ.

ವಿಜಯದಶಮಿಯ ಮಧ್ಯಾಹ್ನ ನಾನು, ಶಾರದೆ, ಮೇಘನಾ ಕುಳಿತಿದ್ದ ಆಟೋ ಜನರ ನಡುವೆ ಸಿಕ್ಕಿಕೊಂಡಿತು. ಪೊಲೀಸರ ಸೀಟಿ, ತಮಟೆ, ಮಕ್ಕಳ ಪೀಪಿ. ಮೇಘನಾ ಕಿವಿ ಮುಚ್ಚಿಕೊಂಡು ಕಾಲಿಡುವ ಜಾಗದಲ್ಲಿ ಮುದುಡಿ ಕುಳಿತಳು.

“ಒಳ್ಳೇ ಹೊತ್ತು ಮೀರತ್ತೆ ಕಣಮ್ಮ,” ಎಂದೆ.

“ಪಂಚಾಂಗ ನೋಡ್ಬುಟ್ಟೆ, ಇವಳನ್ನ ನೋಡ್ಲಿಲ್ಲ ನೀನು!” ಎಂದಳು ಶಾರದೆ. “ಗಾಡಿ ತಿರುಗಿಸಪ್ಪ.”

ಆಮೇಲೆ ಕೆಲವು ದಿನ ಮೇಘನಾ ಮಹಡಿಯಿಂದ ಇಳಿಯಲಿಲ್ಲ. ಕೆಲಸ ಕೈತಪ್ಪಿತೆಂದೇ ತಿಳಿದು ನಾನು ನಾಗರತ್ನಮ್ಮನವರಿಗೆ ಹೇಳಬೇಕಾದ ಕ್ಷಮಾಪಣೆಯನ್ನು ಮನಸ್ಸಿನಲ್ಲೇ ತಿದ್ದಿ ತೀಡುತ್ತಿದ್ದೆ. ಅಷ್ಟರಲ್ಲಿ ಮೇಘನಾಳೇ ಇಳಿದು ಬಂದು ಸ್ಪೀಕರ್ ಹಾಕಿ ಅವರಿಗೆ ಫೋನ್ ಮಾಡಿದಳು.

“ನಿಮ್ಮಲ್ಲಿ ಯಾವಾಗ ಸದ್ದಿರಲ್ಲ?”

“ಮಂಗಳವಾರ ಮೂರು ಗಂಟೆಗೆ ಬಾರಮ್ಮ. ರಾಹುಕಾಲ ಅಂತ ಗಿರಾಕಿನೂ ಬರಲ್ಲ, ಸರಕು ಇಳಿಸೋರೂ ಬರಲ್ಲ.”

“ರಾಹುಕಾಲಕ್ಕೇ ಬರ್ತೀನಿ.”

ನಾನು ಬಾಯಿ ತೆರೆದೆ. ಶಾರದೆ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿಕೊಂಡೆ.

ಅಂದಿನಿಂದ ಮಧ್ಯಾಹ್ನದ ಪಾಳಿ ಅವಳದು. ಇಂದೂ ಮಂಗಳವಾರ. ಎರಡೂವರೆಗೆ, “ಬಾಗಿಲು ಹಾಕ್ಕೊಳ್ಳಿ ಮಾವ, ನೀವು ಬರೋದು ಬೇಡ,” ಎಂದು ಒಬ್ಬಳೇ ಬಸ್ಸಿಗೆ ಹೋದಳು. ರಾಹುಕಾಲದಲ್ಲಿ ಲೇಖನಿಯನ್ನೂ ಮುಟ್ಟದಿದ್ದ ನಾನು ನನ್ನ ಈ ಮೊದಲ ಬರಹವನ್ನು ಅದೇ ಹೊತ್ತಿನಲ್ಲಿ ಆರಂಭಿಸಿ ಮುಗಿಸಿದ್ದೇನೆ. ತಪ್ಪುಗಳೇನಾದರೂ ಕಂಡರೆ ತಾವೇ ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ; ಅವಕ್ಕೆ ಕಾರಣ ನಾನು, ಹೊತ್ತಲ್ಲ.